ಕೊನೆಯ ಬೈಕಿನ ಆರುಚ್ಚಾಮಿ

ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಹೊರಟರೆ ಈಗೀಗ ನನ್ನ ಎಡಗೈ ನನ್ನ ಮಾತು ಕೇಳುವುದಿಲ್ಲ. ಸಿಂಗಾನಲ್ಲೂರಿನ ಸಿಗ್ನಲ್ ಬಂದರೆ ಸಾಕು, ತಾನಾಗಿ ಹಿಂದಕ್ಕೆ ಹೋಗಿ ಯಾಳಿನಿಯ ಮೊಣಕಾಲು ತಡಕುತ್ತದೆ. ಇದ್ದಾಳೆ. ನೂರು ಗಜ ಹೋಗುವಷ್ಟರಲ್ಲಿ ಮತ್ತೆ ಅನುಮಾನ. ಇದ್ದಾಳಾ? ಬೆಲ್ಟಿನಿಂದ ಅವಳನ್ನು ನನ್ನ ಸೊಂಟಕ್ಕೇ ಕಟ್ಟಿಕೊಂಡಿರುತ್ತೇನೆ, ಬಿದ್ದರೆ ಇಬ್ಬರೂ ಬೀಳಬೇಕು, ಇದೆಲ್ಲ ಬುದ್ಧಿಗೆ ಗೊತ್ತು. ಕೈಗೆ ಗೊತ್ತಿಲ್ಲ. "ಅಮ್ಮಾ, ಕಚಗುಳಿ ಇಡಬೇಡ, ಬಿದ್ದುಬಿಡ್ತೀನಿ" ಎಂದು ನಾಲ್ಕು ವರ್ಷದ ಮಗು ನನಗೇ ಬುದ್ಧಿ ಹೇಳುತ್ತದೆ. ಕನ್ನಡಿ ನೋಡಿದರೆ ಅದರಲ್ಲಿ ಅವಳಿಲ್ಲ, ನನ್ನ ಮೊಣಕೈ ಇದೆ.

ಈ ದಿಗಿಲು ಹತ್ತಿದ್ದು ಆರುಚ್ಚಾಮಿ ಅಣ್ಣ ಕೋಟಗಿರಿ ಘಾಟಿಯಲ್ಲಿ ಬಿದ್ದ ಭಾನುವಾರದಿಂದ. ದಿಗಿಲು ಎಂದು ಬರೆದೆ. ಅರ್ಧಕ್ಕರ್ಧ ಅದು ಸಿಟ್ಟು. ಕಂಪನಿಯ ಮೇಲೆ, ಬೈಕಿನ ಹುಚ್ಚಿನ ಮೂವತ್ತು ಗಂಡಸರ ಮೇಲೆ, ನನ್ನ ಗಂಡನ ಮೇಲೆ, ಎಲ್ಲ ಗೊತ್ತಿದ್ದೂ ಐದು ವಾರ ಬಾಯಿಗೆ ಬೀಗ ಹಾಕಿಕೊಂಡು ಕೂತ ನನ್ನ ಮೇಲೆ.

ಆರುಚ್ಚಾಮಿ ಅಣ್ಣನಿಗೆ ಅರವತ್ತಮೂರು. ನಮ್ಮ ಬೀದಿಯ ತುದಿಯ ಮನೆ ಅವರದು. ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಲೇತ್ ಯಂತ್ರದ ಮುಂದೆ ನಿಂತವರು. ಎಡಗೈಯ ಉಂಗುರ ಬೆರಳಿನ ತುದಿಯನ್ನು ಆ ಲೇತೇ ತಿಂದಿದೆ. ಏನಾದರೂ ಹೇಳಬೇಕಾದರೆ ಮೊದಲು ಆ ಮೊಂಡು ಬೆರಳಿನಿಂದ ಮೂಗಿನ ಪಕ್ಕ ಕೆರೆದುಕೊಳ್ಳುತ್ತಾರೆ. ಅಷ್ಟರಲ್ಲಿ ಬೇರೆ ಯಾರಾದರೂ ಮಾತು ಶುರು ಮಾಡಿರುತ್ತಾರೆ, ಇವರು ಹೇಳದೆ ಸುಮ್ಮನಾಗುತ್ತಾರೆ. ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ, ನನ್ನ ತಮಿಳಿಗೆ ಇಡೀ ಬೀದಿ ನಗುತ್ತಿದ್ದಾಗ, ನಗದೆ ಕೇಳಿಸಿಕೊಂಡವರು ಅವರೊಬ್ಬರೇ. "ನಿಧಾನ ಹೇಳು ಅಮ್ಮಿಣಿ, ನನಗೇನೂ ಬಸ್ಸು ತಪ್ಪಲ್ಲ" ಎಂದಿದ್ದರು. ಅಮ್ಮಿಣಿ ಎಂದರೆ ಇಲ್ಲಿ ಮಗಳೇ ಎಂದ ಹಾಗೆ.

ಶಾಹೀನ್ 400 ಎಂಬ ಬೈಕು ಇಟ್ಟುಕೊಂಡವರದು ಇಲ್ಲೊಂದು ಬಳಗ. ದೂರದ ದಾರಿಗೂ ಆಗಬೇಕು, ಘಾಟಿಯ ತಿರುವಿನಲ್ಲಿ ಮಲಗಿಸಿ ಓಡಿಸುವುದಕ್ಕೂ ಆಗಬೇಕು ಎನ್ನುವವರ ಬೈಕು ಅದು. ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಐದಕ್ಕೆಲ್ಲ ಹೊರಟು ಬೆಟ್ಟ ಹತ್ತಿ ತಿಂಡಿ ತಿಂದು ಇಳಿದು ಬರುತ್ತಾರೆ. ಸಾಲಿನ ಮುಂದೆ ಬಳಗದ ಯಜಮಾನ ಹೆನ್ರಿ, ಸಾಲಿನ ಕೊನೆಗೆ ಆರುಚ್ಚಾಮಿ. ಈ ವ್ಯವಸ್ಥೆಗೆ ಇಪ್ಪತ್ತು ವರ್ಷ. ಮೊದಲು ಅಣ್ಣನ ಬಳಿ ಇದ್ದದ್ದು ಏರು ಬಂದರೆ ಕೆಮ್ಮುವ ಹಳೇ ಬೈಕು, ಹಾಗಾಗಿ ಕೊನೆಗೆ ಉಳಿಯುತ್ತಿದ್ದರು. ಆಮೇಲೆ ಅವರೂ ಶಾಹೀನ್ ತೆಗೆದುಕೊಂಡರು. ಇನ್ನಾದರೂ ಮುಂದೆ ಬನ್ನಿ ಎಂದು ಕರೆದರೆ, "ಬೇಡಪ್ಪ. ಹಿಂದಿದ್ರೆ ನಿಮ್ಮೆಲ್ಲರ ಬೆನ್ನು ಕಾಣ್ತದೆ. ಹೆನ್ರಿ ಪ್ಯಾಂಟು ಹಿಂದೆ ಹರಿದಿರೋದು ಹೆನ್ರಿಗೇ ಗೊತ್ತಿಲ್ಲ" ಎಂದರಂತೆ. ಅಂದಿನಿಂದ ಅವರ ಹೆಸರು ಬಾಲದಣ್ಣ.

ಬಾಲದಣ್ಣನ ಪೆಟ್ಟಿಗೆಯಲ್ಲಿ ಕ್ಲಚ್ ತಂತಿ, ಟ್ಯೂಬು, ಪ್ಲಗ್ಗು, ಅವರ ಹೆಂಡತಿ ಮರಗದಂ ಅಕ್ಕ ಕಟ್ಟಿಕೊಟ್ಟ ಅಕ್ಕಿ-ಬೇಳೆ ಅನ್ನ, ಜೊತೆಗೆ ಒಂದು ಬಿಳಿ ಹಾಸುಬಟ್ಟೆ. ದಾರಿಯಲ್ಲಿ ಯಾರ ಬೈಕು ಕೆಟ್ಟರೂ ಮೊದಲು ಅದರ ಕೆಳಗೆ ಆ ಬಟ್ಟೆ ಹಾಸಿ ಆಮೇಲೆ ಸ್ಪ್ಯಾನರ್ ಹಿಡಿಯುತ್ತಾರೆ, ಬಿದ್ದ ನಟ್ಟು ಬೋಲ್ಟು ಹುಲ್ಲಿನೊಳಗೆ ಕಳೆದುಹೋಗಬಾರದೆಂದು.

ಸಾಲಿನಲ್ಲಿ ಹೋಗುವಾಗ ಒಂದು ಕಟ್ಟಳೆಯಿದೆ. ಪ್ರತಿಯೊಬ್ಬನೂ ತನ್ನ ಹಿಂದಿನವನನ್ನು ಕನ್ನಡಿಯಲ್ಲಿ ಇಟ್ಟುಕೊಂಡಿರಬೇಕು. ಕೊನೆಯವರು ಬಂದದ್ದು ಗುರುತಾಗಲಿ ಎಂದು ಆರುಚ್ಚಾಮಿ ಅಣ್ಣ ತಮ್ಮ ಬೈಕಿನ ದೀಪಕ್ಕೆ ಹಳದಿ ಹಾಳೆ ಅಂಟಿಸಿದ್ದಾರೆ. ನೇರ ರಸ್ತೆ ಸಿಕ್ಕಾಗ, ಅವರ ಮುಂದಿನವನು ಹಳದಿ ದೀಪ ಕಂಡು ಎಡ ಮುಷ್ಟಿ ಎತ್ತುತ್ತಾನೆ. ಅದನ್ನು ಕನ್ನಡಿಯಲ್ಲಿ ನೋಡಿ ಅವನ ಮುಂದಿನವನು ಎತ್ತುತ್ತಾನೆ. ಹೀಗೆ ಮುಷ್ಟಿಯ ಮೇಲೆ ಮುಷ್ಟಿ ಎದ್ದು ಹೆನ್ರಿಗೆ ತಲುಪುತ್ತದೆ: ಎಲ್ಲರೂ ಇದ್ದೇವೆ. ಮದುವೆಯಾದ ಹೊಸತರಲ್ಲಿ ಒಂದು ಸಲ ನನ್ನ ಗಂಡ ಕದಿರನ ಹಿಂದೆ ಕೂತು ಹೋಗಿದ್ದೆ. ಇಪ್ಪತ್ತು ಮುಷ್ಟಿಗಳು ಒಂದೊಂದಾಗಿ ಏಳುವುದನ್ನು ನೋಡಿ, ಗಂಡಸರಿಗೂ ಇಷ್ಟೊಂದು ಕಾಳಜಿ ಬರುತ್ತದಾ ಎಂದು ಕಣ್ಣಲ್ಲಿ ನೀರು ಬಂದಿತ್ತು. ಎಂಥ ಪೆದ್ದಿ ನಾನು.

ಹೋದ ಪೊಂಗಲ್ ಹೊತ್ತಿಗೆ ಕಂಪನಿ ಶಾಹೀನನ್ನು ಬದಲಾಯಿಸಿ ಹೊಸದು ಎಂದು ಬಿಟ್ಟಿತು. ಬಳಗದಲ್ಲಿ ಮೊದಲು ತಂದ ನಾಲ್ವರಲ್ಲಿ ಕದಿರನೂ ಒಬ್ಬ. ತಂದ ಮಾರನೆಯ ದಿನದಿಂದ ಆ ನಾಲ್ವರು, ತರದ ಇಪ್ಪತ್ತಾರು ಜನ, ಎಲ್ಲ ಸೇರಿ ಬೈಯಲು ಕೂತರು. ನಾನು ಮಗುವಿಗೆ ಜ್ವರ ಬಂದು ಒದ್ದಾಡುತ್ತಿದ್ದರೆ ಇವನ ಫೋನಿನಲ್ಲಿ ಟಿಂಗ್ ಟಿಂಗ್. ಮೇನ್ ಸ್ಟ್ಯಾಂಡ್ ತೆಗೆದುಹಾಕಿದ್ದಾರೆ, ಚೈನಿಗೆ ಎಣ್ಣೆ ಬಿಡೋದು ಹೇಗೆ, ಹೆಂಡ್ತಿ ಕೈಲಿ ಎತ್ತಿ ಹಿಡಿಸಬೇಕಾ? (ನನ್ನ ಕೈಯಲ್ಲೇ ಎತ್ತಿ ಹಿಡಿಸಿದ. ಒಂದು ಕಂಕುಳಲ್ಲಿ ಮಗು.) ಬಣ್ಣ ನೋಡಿದ್ರೆ ನೀರಿನ ಪೈಪಿನ ಹಾಗಿದೆ. ಸದ್ದು ಕೇಳಿದ್ರೆ ನಮ್ಮಮ್ಮನ ಗ್ರೈಂಡರಲ್ಲಿ ಇಡ್ಲಿಗೆ ರುಬ್ಬಿದ ಹಾಗಿದೆ. ಸೀಟು, ಗಾಳಿತಡೆ, ಮೀಟರಿನ ಅಕ್ಷರ, ಒಂದನ್ನೂ ಬಿಡಲಿಲ್ಲ.

ಕನ್ನಡಿಯ ಬಗ್ಗೆ ಮಾತ್ರ ಯಾರೂ ಒಂದಕ್ಷರ ಆಡಲಿಲ್ಲ. ಹಳೆಯದರಲ್ಲಿ ಕನ್ನಡಿಗಳು ಹಸುವಿನ ಕಿವಿಯಂತೆ ಆಚೆ ಈಚೆ ಚಾಚಿಕೊಂಡಿದ್ದವು. ಹೊಸದರಲ್ಲಿ ಅಂದ ಕಾಣಲೆಂದು ಅವನ್ನು ಚಿಕ್ಕದು ಮಾಡಿ ಒಳಗೆಳೆದಿದ್ದರು. ನಿಂತ ಬೈಕಿನ ಮೇಲೆ ನಾನೂ ಕೂತು ನೋಡಿದ್ದೇನೆ. ಕನ್ನಡಿ ತುಂಬ ಸ್ವಂತ ಮೊಣಕೈ, ಅದರಾಚೆ ಎರಡು ಬೆರಳಗಲ ರಸ್ತೆ. ಫೋಟೋದಲ್ಲಿ ಚೆನ್ನಾಗಿತ್ತು. ಆದ್ದರಿಂದ ಸರಿಯಾಗಿತ್ತು.

ಆ ಭಾನುವಾರ ಕೋಟಗಿರಿಯಿಂದ ಇಳಿಯುವಾಗ ಕದಿರ್ ಸಾಲಿನಲ್ಲಿ ಕೊನೆಯಿಂದ ಎರಡನೆಯವನು. ಅವನ ಹಿಂದೆ ಆರುಚ್ಚಾಮಿ ಅಣ್ಣ. ನಡುವೆ ಒಂದು ತಿರುವಿನಲ್ಲಿ ಅಣ್ಣ ಬಿದ್ದರು. ಎದುರಿಂದ ಬಂದ ಜೀಪಿಗೆ ದಾರಿ ಬಿಡಲು ಅಂಚಿಗೆ ಸರಿದಾಗ ಮಣ್ಣು ಜಾರಿತು, ಅಷ್ಟೇ. ಯಾರಿಗಾದರೂ ಆಗಬಹುದಿತ್ತು. ಜೀಪು ನಿಲ್ಲಲಿಲ್ಲ. ತಿರುವು ದಾಟಿದ ಮೇಲೆ ನೇರ ರಸ್ತೆ ಬಂತು, ಕದಿರ್ ಕನ್ನಡಿ ನೋಡಿದ. ಮೊಣಕೈ ಪಕ್ಕದ ಆ ಎರಡು ಬೆರಳಗಲದಲ್ಲಿ ಒಂದು ಹಳದಿ ಚುಕ್ಕೆ ಕಂಡಿತು. ಅದು ಎಲೆ ತುಂಬಿಕೊಂಡು ಬರುತ್ತಿದ್ದ ಟೀ ತೋಟದ ವ್ಯಾನಿನ ದೀಪ. ಇವನು ಮುಷ್ಟಿ ಎತ್ತಿದ. ಅವನ ಮುಂದಿನವನು ಎತ್ತಿದ. ಎಲ್ಲರೂ ಎತ್ತಿದರು. ಎಲ್ಲರೂ ಇದ್ದೇವೆ ಎಂಬ ಸುದ್ದಿ ಹೆನ್ರಿಗೆ ತಲುಪಿತು.

ಬೆಟ್ಟದ ಬುಡದ ಮೇಟ್ಟುಪಾಳ್ಯದಲ್ಲಿ ಟೀ ಕುಡಿದರು. ಬಾಲದಣ್ಣ ಎಲ್ಲೋ ಮರದಡಿ ನಿಲ್ಲಿಸಿ ಅನ್ನದ ಡಬ್ಬಿ ಬಿಚ್ಚಿರಬೇಕು ಎಂದು ನಕ್ಕರು. ಹಿಂದೆಯೇ ಇದ್ದಾರೆಂದು ಮುಷ್ಟಿ ಹೇಳಿತ್ತಲ್ಲ, ಗಾಬರಿ ಯಾಕೆ? ಘಾಟಿಯಲ್ಲಿ ಫೋನು ಸಿಗುವುದೂ ಇಲ್ಲ. ನಲವತ್ತು ನಿಮಿಷ. ಕಡೆಗೆ ಬೆಟ್ಟದಿಂದ ಇಳಿದ ಬಸ್ಸಿನ ಕಂಡಕ್ಟರ್ ಇವರ ಬೈಕುಗಳನ್ನು ನೋಡಿ ಬಸ್ಸು ನಿಲ್ಲಿಸಿ ಬೈದನಂತೆ: "ನಿಮ್ಮವರೊಬ್ಬರು ಮೇಲೆ ತಡೆಗೋಡೆಗೆ ಬಿಳಿ ಬಟ್ಟೆ ಹೊದಿಸಿ ಕೂತಿದ್ದಾರಲ್ರೀ! ಮೂಳೆ ಮುರಿದುಕೊಂಡ ಮನುಷ್ಯನ್ನ ಬಿಟ್ಟು ಬಂದು ಟೀ ಕುಡೀತಿದೀರಾ? ಮನುಷ್ಯರಾ ನೀವು? ಜಾಗ ಕೊಡ್ತೀನಿ, ನನ್ನ ಬಸ್ಸಲ್ಲಿ ಬಾ ಅಂದ್ರೆ, ನಮ್ಮ ಹುಡುಗರು ಬರ್ತಾರೆ, ಹುಡುಕಿ ಪರದಾಡ್ತಾರೆ ಅಂತ ಕೂತಿದಾರೆ ಅವ್ರು!"

ಬಲ ಕೊರಳೆಲುಬು ಎರಡು ತುಂಡು. ಆಸ್ಪತ್ರೆಯಲ್ಲಿ ಎಲ್ಲರೂ ಸುತ್ತ ನಿಂತಿದ್ದಾಗ ಅಣ್ಣ ಮೂಗಿನ ಪಕ್ಕ ಕೆರೆದುಕೊಂಡು, "ಮಣ್ಣಿತ್ತು, ಜಾರ್ದೆ. ನಾನೇ ನೋಡ್ಕೋಬೇಕಿತ್ತು" ಎಂದರು. ಕದಿರನ ಕಡೆ ನೋಡಲೇ ಇಲ್ಲ. ಬೇಕೆಂದೇ ನೋಡಲಿಲ್ಲ.

ವಾಹನ ನಿಲ್ಲಿಸುವ ಜಾಗದಲ್ಲಿ ಕದಿರ್ ನನಗೆ ಹೇಳಿದ. "ಮುಷ್ಟಿ ಎತ್ತಿದ್ದು ನಾನೇ ಕಣೇ, ಹಂಸಾ. ಹಳದಿ ಕಂಡಿತ್ತು. ಅಣ್ಣ ಅಂದ್ಕೊಂಡೆ."

"ಹೋಗಿ ಒಳಗೆ ಹೇಳು."

"ಹೇಳ್ತೀನಿ. ಇವತ್ತು ಬೇಡ."

ಆ ಇವತ್ತು ಮುಗಿಯಲೇ ಇಲ್ಲ. ಅಷ್ಟರಲ್ಲಿ ಬಳಗದಲ್ಲಿ ಬೇರೆ ಮಾತು ಬಲಿಯಿತು. ಅಣ್ಣನಿಗೆ ವಯಸ್ಸಾಯ್ತು. ಕೈ ನಡುಗ್ತದೆ. ಕಣ್ಣು ಮಂಜು. ಲೇತಿನ ಮೇಲೆ ಕೂದಲೆಳೆಯಷ್ಟು ತಪ್ಪನ್ನೂ ಬೆರಳಲ್ಲೇ ಕಂಡುಹಿಡಿಯುವ ಕೈ ಅದು! ಒಬ್ಬನಾದರೂ, ಮುಷ್ಟಿ ಎದ್ದದ್ದು ಯಾಕೆ ಎಂದು ಕೇಳಲಿಲ್ಲ.

ಮೂರು ವಾರದ ನಂತರ ಕಂಪನಿಯವರು ಹೊಸ ಬೈಕಿನ ಬಗ್ಗೆ ಸವಾರರ ಅಭಿಪ್ರಾಯ ಕೇಳಬೇಕೆಂದು ಅವಿನಾಶಿ ರಸ್ತೆಯ ಹೋಟೆಲೊಂದರಲ್ಲಿ ಸಭೆ ಕರೆದರು. ಮನೆಯವರೂ ಬನ್ನಿ ಎಂದಿದ್ದರು. ನಾನು ಯಾಳಿನಿಯನ್ನು ಮಡಿಲಲ್ಲಿ ಇಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತೆ. ಕಂಪನಿಯ ಪರವಾಗಿ ಪುಣೆಯಿಂದ ಬಂದಿದ್ದ ರೇವಾ ಎಂಬ ಇಂಜಿನಿಯರ್ ಹುಡುಗಿ ಪುಸ್ತಕ, ಪೆನ್ನು ಹಿಡಿದು ವೇದಿಕೆಯ ಮೇಲೆ ನಿಂತಿದ್ದಳು. ಮೈಕು ಸಿಕ್ಕಿದ್ದೇ ತಡ, ಗಂಡಸರು ಅವಳ ಮೇಲೆ ಮುಗಿಬಿದ್ದರು.

"ಸ್ಟ್ಯಾಂಡ್ ತೆಗೆಯೋ ಐಡಿಯಾ ಯಾರದ್ರೀ? ಅವರ ಮನೆ ಸೋಫಾದ ಕಾಲು ತೆಗೆದು ನೋಡಿ ಅನ್ನಿ!"

"ಮೇಡಂ, ಈ ಬಣ್ಣದ ಹೆಸರೇನು? ಕಾಮಾಲೆ?"

"ಹದಿನಾರು ಸಾವಿರ ಕಿಲೋಮೀಟರ್ ಹಳೇದ್ರಲ್ಲಿ ಹೋಗಿದೀನಿ, ಸೊಂಟ ಹಿಡಿದಿಲ್ಲ. ಹೊಸದ್ರಲ್ಲಿ ಆಸ್ಪತ್ರೆ ಡಬ್ಬಿ ಜೊತೇಲೇ ಕೊಡಿ!"

ಅವಳು ಪಾಪ ಎಲ್ಲವನ್ನೂ ಬರೆದುಕೊಂಡಳು. ಕದಿರನೂ ಎದ್ದ. ಈಗ ಹೇಳುತ್ತಾನೆ ಎಂದುಕೊಂಡೆ. "ಮೀಟರಿನ ಅಕ್ಷರ ಬಿಸಿಲಲ್ಲಿ ಕಾಣಲ್ಲ" ಎಂದು ಕೂತ.

ಆಗ ಬಾಗಿಲ ಬಳಿ ಕೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ನಿಂತಿದ್ದ ಆರುಚ್ಚಾಮಿ ಅಣ್ಣ ಮೊಂಡು ಬೆರಳು ಎತ್ತಿದರು. ಮೈಕು ಅವರವರೆಗೆ ಹೋಗಲಿಲ್ಲ. ಅವರೇ ಗಂಟಲು ಏರಿಸಿ ಕೇಳಿದರು. "ಕನ್ನಡಿ ಯಾಕಮ್ಮ ಒಳಗೆ ತಂದ್ರಿ? ಹಿಂದಿರೋರು ಕಾಣಲ್ಲ ಅದ್ರಲ್ಲಿ."

ರೇವಾ ಪೆನ್ನು ಎತ್ತಿದಳು. ಅಷ್ಟರಲ್ಲಿ ಅಖಿಲನ್, ಇಪ್ಪತ್ತಾರು ವಯಸ್ಸಿನ ಹೊಸ ಸೇರ್ಪಡೆ, ಕೂತಲ್ಲಿಂದಲೇ ಕೂಗಿದ. "ಅಣ್ಣಾ, ಬಾಲಕ್ಕೆ ಯಾಕಣ್ಣ ಕನ್ನಡಿ? ನಿಮ್ಮ ಹಿಂದೆ ಯಾರಿದ್ದಾರೆ, ಅತ್ತಿಗೆನಾ?"

ಸಭೆ ಬಿದ್ದು ಬಿದ್ದು ನಕ್ಕಿತು. ರೇವಾ ಕೂಡ ಮುಗುಳ್ನಕ್ಕು ಪೆನ್ನು ಇಳಿಸಿದಳು. ಕದಿರನ ಭುಜ ಕುಲುಕುವುದು ಹಿಂದಿನಿಂದ ನನಗೆ ಕಂಡಿತು. ನಗುತ್ತಿದ್ದಾನೆ. ನನ್ನ ಗಂಡ. ಕೈಯಲ್ಲಿದ್ದ ನಿಂಬೆ ಷರಬತ್ತನ್ನು ಆ ಕುಲುಕುವ ಬೆನ್ನಿಗೆ ಎರಚಬೇಕು ಅನ್ನಿಸಿತು. ಎರಚಲಿಲ್ಲ. ಮಗುವಿಗೆ ಕುಡಿಸಿದೆ.

ಆಮೇಲೆ ಹೆನ್ರಿ ಎದ್ದು ನಿಂತು, ಇನ್ನು ಮುಂದೆ ಅಣ್ಣ ವಿಶ್ರಾಂತಿ ತಗೋಬೇಕು, ಕೊನೆಯ ಜಾಗ ಅಖಿಲನ್‌ಗೆ ಎಂದು ಸಾರಿ ಒಂದು ಜರಿ ಶಾಲು ಹೊದಿಸಿದರು. ಶಾಲು ಮುರಿದ ಭುಜದ ಮೇಲೇ ಬಿತ್ತು. ಅಣ್ಣ ಹಲ್ಲು ಕಚ್ಚಿದ್ದನ್ನು ಫೋಟೋ ತೆಗೆದವರು ನಗು ಅಂದುಕೊಂಡಿರಬೇಕು. ಚಪ್ಪಾಳೆ. ಇಪ್ಪತ್ತು ವರ್ಷ ಇವರ ಬೆನ್ನು ಕಾದವರನ್ನು ಮೂರು ನಿಮಿಷದಲ್ಲಿ ಮನೆಗೆ ಕಳಿಸಿದರು, ಅದೂ ಮರ್ಯಾದೆಯ ಹೆಸರಿನಲ್ಲಿ.

ಮನೆಗೆ ಬಂದ ಮೇಲೆ ನಾನು ಸುಮ್ಮನಿರಲಿಲ್ಲ. "ನಕ್ಕೆಯಲ್ಲೋ!"

"ಎಲ್ಲರೂ ನಕ್ಕರು, ನಾನೊಬ್ಬ ಮುಖ ಗಂಟು ಹಾಕ್ಕೊಂಡಿದ್ರೆ ಅನುಮಾನ ಬರ್ತಿತ್ತು."

"ಬರಲಿ! ಬರಬೇಕಾದ್ದೇ ಅದು!"

"ಹಂಸಾ, ಹೇಳಿದ್ರೆ ಅಣ್ಣನ್ನ ಬೀದೀಲಿ ಬಿಟ್ಟು ಬಂದವನು ಅಂತ ಸಾಯೋತನಕ ಅಂತಾರೆ. ಅಣ್ಣನೇ ನನ್ನ ಹೆಸರು ಎತ್ತಿಲ್ಲ. ನಿನಗ್ಯಾಕೆ?"

ನನಗ್ಯಾಕೆ! ಇವನಿಗೆ ಕ್ಲಚ್ ಹಿಡಿಯಲು ಕಲಿಸಿದ್ದೇ ಆ ಮೊಂಡು ಬೆರಳಿನ ಕೈ.

ಮುಂದಿನ ವಾರ ಅಣ್ಣನ ಮನೆಗೆ ಹೋದೆ. ಮರಗದಂ ಅಕ್ಕ ಶಾವಿಗೆಗೆ ತೆಂಗಿನ ಹಾಲು ಸುರಿದು ಕೊಟ್ಟರು. ಜರಿ ಶಾಲನ್ನು ಹೊಲಿಗೆ ಯಂತ್ರದ ಮೇಲೆ ಧೂಳು ಕೂರದಂತೆ ಹೊದಿಸಿದ್ದರು. "ಅದಕ್ಕಾದರೂ ಆಯ್ತು," ಎಂದರು ಅಕ್ಕ. "ಭಾನುವಾರ ಐದು ಗಂಟೆಗೆ ಎದ್ದು ಕೂತ್ಕೋತಾರೆ ಕಣಮ್ಮ. ಬೂಟು ಹಾಕ್ಕೊಂಡು. ಎಲ್ಲಿಗ್ರೀ ಅಂದ್ರೆ, ಎಲ್ಲಿಗೂ ಇಲ್ಲ ಅಂತಾರೆ. ಎಂಟು ಗಂಟೆಗೆ ಬೂಟು ಬಿಚ್ತಾರೆ."

ಅಣ್ಣ ಒಳಗಿನಿಂದ ಬಿಸ್ಕತ್ತಿನ ಡಬ್ಬಿ ತಂದು ಮುಚ್ಚಳ ತೆಗೆದರು. ಒಳಗೆ ಹೊಳೆಯುವ ಉಕ್ಕಿನ ತುಂಡುಗಳು, ಪ್ರತಿಯೊಂದೂ ಎರಡಿಂಚು, ಒಂದು ತುದಿಯಲ್ಲಿ ತಿರುಪಿನ ಸುತ್ತು, ಇನ್ನೊಂದರಲ್ಲಿ ತೂತು.

"ಕನ್ನಡಿ ಕಡ್ಡಿಗೆ ಜೋಡಿಸಿದ್ರೆ ಆಚೆ ಬರ್ತದೆ ಅಮ್ಮಿಣಿ. ಹಳೇ ಸ್ನೇಹಿತನ ಲೇತು. ಅವನು ಚಕ್ರ ತಿರುಗಿಸಿದ, ನಾನು ಒಂದು ಕೈಯಲ್ಲಿ ಉಳಿ ಹಿಡಿದೆ. ಹೊಸ ಬೈಕು ಆರಿವೆಯಲ್ಲ ಈಗ, ಆರು ಜೊತೆ. ಮೊದಲ ಜೊತೆ ಕದಿರ್‌ಗೆ ಕೊಟ್ಟಿದ್ದೆ, ಹಾಕ್ಕೊಂಡ್ನಾ?"

ನನಗೆ ಗೊತ್ತಿರಲಿಲ್ಲ. ಕೊಟ್ಟಿದ್ದರಾ? "ಅಣ್ಣಾ, ಮುಷ್ಟಿ ಎತ್ತಿದ್ದು ಕದಿರ್ ಅಂತ ನಿಮಗೆ ಗೊತ್ತಲ್ವಾ?"

ಅವರು ಮೂಗಿನ ಪಕ್ಕ ಕೆರೆದುಕೊಂಡರು. ಮಧ್ಯೆ ಮಾತಾಡಲು ಅಲ್ಲಿ ಯಾರೂ ಇರಲಿಲ್ಲ. ಕೊನೆಗೆ ಹೇಳಿದರು. "ನನ್ನ ಮುಂದೆ ಇದ್ದವನು ಅವನೇ ತಾನೇ. ವ್ಯಾನು ನನ್ನ ಪಕ್ಕದಲ್ಲೇ ಹೋಯ್ತು, ಹಳದಿ ದೀಪ ನೋಡ್ದೆ, ಆಗಲೇ ಅಂದ್ಕೊಂಡೆ. ಹುಡುಗ ಮೋಸ ಹೋದ. ಬೇಕಂತ ಮಾಡಿದ್ದಲ್ಲ. ನೀನು ಹೇಳ್ಬೇಡ. ಕನ್ನಡಿ ಸರಿ ಮಾಡ್ಕೊಂಡ್ರೆ ಸಾಕು ನನಗೆ."

"ಮತ್ತೆ ನಿಮ್ಮ ಜಾಗ?"

ಅವರು ಡಬ್ಬಿಯ ಮುಚ್ಚಳ ಹಾಕಲು ಹೋದರು, ಒಂದೇ ಕೈಯಲ್ಲಿ ಅದು ಕೂರಲಿಲ್ಲ. ನಾನು ಒತ್ತಿ ಹಾಕಿದೆ.

ಆ ಮೊದಲ ಜೊತೆ ನಮ್ಮ ಮನೆಯ ಉಪಕರಣದ ಪೆಟ್ಟಿಗೆಯಲ್ಲಿ, ಹಳೇ ಬನಿಯನ್ ತುಂಡಿನಡಿ ಸಿಕ್ಕಿತು. ತಂದು ಕದಿರನ ಮುಂದೆ ಇಟ್ಟೆ.

"ಅದು ಹಾಕಿದ್ರೆ ಬೈಕು ಮಿಡತೆ ಹಾಗೆ ಕಾಣ್ತದೆ ಕಣೇ" ಎಂದ. "ಆಮೇಲೆ ಎಲ್ಲರೂ ಯಾಕೆ ಹಾಕ್ದೆ ಅಂತ ಕೇಳ್ತಾರೆ."

ಮಿಡತೆ! ನಾಳೆ ಭಾನುವಾರ ವಾಲ್ಪಾರೈ ಬೆಟ್ಟಕ್ಕೆ ಸವಾರಿ. ನಲವತ್ತು ಹಿಮ್ಮುರಿ ತಿರುವು. ಇಪ್ಪತ್ತಮೂರು ಬೈಕು, ಅದರಲ್ಲಿ ಆರು ಮೊಣಕೈ ತೋರಿಸುವ ಕನ್ನಡಿಯವು. ಕೊನೆಗೆ ಅಖಿಲನ್, ಅವನ ಪೆಟ್ಟಿಗೆಯಲ್ಲಿ ಕ್ಯಾಮೆರಾ ಬಿಟ್ಟರೆ ಬೇರೇನಿಲ್ಲ. ಅವನು ಬಿದ್ದರೆ? ಅವನ ತಾಯಿ ಇಡೀ ಬೆಳಿಗ್ಗೆ ಬಾಗಿಲು ನೋಡುತ್ತಾ ಕೂತಿದ್ದರೆ, ಇಲ್ಲಿ ಒಬ್ಬರ ಹಿಂದೊಬ್ಬರು ಮುಷ್ಟಿ ಎತ್ತುತ್ತಿರುತ್ತಾರೆ. ಮತ್ತು ಬೀದಿಯ ತುದಿಯಲ್ಲಿ ಒಬ್ಬರು ಬೂಟು ಹಾಕಿಕೊಂಡು ಎಂಟು ಗಂಟೆಯವರೆಗೆ ಕೂತಿರುತ್ತಾರೆ.

ಇದನ್ನೆಲ್ಲ ಯೋಚಿಸುತ್ತಾ ಇವತ್ತು ಮಧ್ಯಾಹ್ನ ಯಾಳಿನಿಯ ಊಟದ ಡಬ್ಬಿ ತೊಳೆಯುತ್ತಿದ್ದೆ. ಕೆಳಗೆ ಅಂಗಳದಲ್ಲಿ ಕದಿರ್ ನಾಳೆಗೆಂದು ಬೈಕಿಗೆ ಪೈಪಿನಿಂದ ನೀರು ಹಿಡಿದಿದ್ದ. ಶಿಳ್ಳೆ ಹಾಕುತ್ತಿದ್ದ. ಅಣ್ಣ ಹೇಳಬೇಡ ಎಂದಿದ್ದರು, ಗಂಡ ಹೇಳಬೇಡ ಎಂದಿದ್ದ. ಒಬ್ಬರು ಇವನನ್ನು ಉಳಿಸಲು, ಇನ್ನೊಬ್ಬನೂ ಇವನನ್ನೇ ಉಳಿಸಲು. ಬಿದ್ದವರನ್ನು ಉಳಿಸುವ ಮಾತು ಎಲ್ಲೂ ಇರಲಿಲ್ಲ. ಆ ಶಿಳ್ಳೆ ಕೇಳಿಯೇ ನನಗೆ ತಡೆಯಲಾಗಲಿಲ್ಲ. ಒದ್ದೆ ಕೈಯನ್ನು ಸೀರೆಗೆ ಒರೆಸಿ ಫೋನು ತೆಗೆದೆ. ಕಿಟಕಿ ತೆರೆದೇ ಇತ್ತು. ಮುಚ್ಚಲು ಎದ್ದೆ, ಯಾಕೆ ಮುಚ್ಚಬೇಕು ಎಂದು ಮತ್ತೆ ಕೂತೆ.

"ಏನಮ್ಮಾ ಹಂಸಾ?" ಎಂದರು ಹೆನ್ರಿ. ಅವರ ಅಂಗಡಿಯ ಗದ್ದಲ ಕೇಳಿಸುತ್ತಿತ್ತು. "ಕದಿರ್ ನಾಳೆ ಬರ್ತಾನೆ ತಾನೇ? ತಪ್ಪಿಸ್ಕೊಳ್ತಿದಾನಾ?"

"ಬರ್ತಾರೆ. ಅಣ್ಣಾ, ನಾನು ಹೇಳಿ ಮುಗಿಸೋವರೆಗೂ ನೀವು ಮಾತಾಡ್ಬೇಡಿ. ಆವತ್ತು ಕೋಟಗಿರಿ ಇಳಿಯುವಾಗ ಮೊದಲು ಮುಷ್ಟಿ ಎತ್ತಿದ್ದು ನನ್ನ ಗಂಡ. ಹಿಂದೆ ಆರುಚ್ಚಾಮಿ ಅಣ್ಣ ಇರಲಿಲ್ಲ. ಅವರು ಆಗಲೇ ಬಿದ್ದಿದ್ರು. ಇವರ ಕನ್ನಡೀಲಿ ಕಂಡಿದ್ದು ಟೀ ತೋಟದ ವ್ಯಾನು. ಅಣ್ಣನಿಗೆ ಇದು ಬಿದ್ದ ಗಳಿಗೆಯಿಂದ ಗೊತ್ತು. ಗೊತ್ತಿದ್ದೂ ನಿಮ್ಮ ಶಾಲು ಹೊದ್ಕೊಂಡು ನಿಂತಿದ್ರು."

ಆ ಕಡೆ ಅಂಗಡಿಯ ಗದ್ದಲವಷ್ಟೇ. ಕೆಳಗೆ ಶಿಳ್ಳೆ ನಿಂತಿತು. ನೀರು ಮಾತ್ರ ಒಂದೇ ಕಡೆ ಸುರಿಯುತ್ತಿತ್ತು.

"ಇದೀರಾ ಅಣ್ಣಾ?" ಎಂದೆ, ದನಿ ತಗ್ಗಿಸದೆ. "ಕೇಳಿ ಹಾಗಾದ್ರೆ. ಶಾಲು ಅಣ್ಣನ ಮನೇಲಿ ಹೊಲಿಗೆ ಯಂತ್ರದ ಮೇಲಿದೆ. ಇವತ್ತೇ ಹೋಗಿ, ನಿಮ್ಮ ಕೈಯಾರೆ ವಾಪಸ್ ಇಸ್ಕೊಂಡು, ಕೊನೆಯ ಜಾಗ ನಿಮ್ಮದೇ ಅಂತ ಹೇಳಿ. ಅಲ್ಲಿ ಬಿಸ್ಕತ್ತಿನ ಡಬ್ಬೀಲಿ ಕನ್ನಡಿ ಆಚೆ ತರೋ ಉಕ್ಕಿನ ತುಂಡು ಐದು ಜೊತೆ ಇದೆ, ಅದನ್ನೂ ತಗೊಂಡು ಹೋಗಿ. ಆರನೇದು ನಮ್ಮ ಮನೇಲಿದೆ. ಅದನ್ನ ಹಾಕೋ ತನಕ ಇವರ ಬೈಕು ಗೇಟು ದಾಟಲ್ಲ, ಬೀಗದ ಕೈ ನನ್ನ ಹತ್ರ ಇದೆ."